ಮಿಂಚಣ್ಣನ ಬೆಚ್ಚನೆಯ ಸಮುದ್ರ

ಗ್ರಾಬೊವೊ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದ ಮಿಂಚೋ ಪರಾಶ್ಕೆವೊವ್ ಸಮುದ್ರದ ವಿಷಯದಲ್ಲಿ ಪಂಡಿತನೆನಿಸಿಕೊಂಡದ್ದು ಒಂದು ಜೂನ್ ಸಂಜೆ, ತನ್ನ ಕಟ್ಟಡದ ಮೆಟ್ಟಿಲ ಮೇಲೆ, ಎರಡು ಚೀಲ ಚೆರಿ ಹಣ್ಣು ಹೊತ್ತುಕೊಂಡು ಏದುಸಿರು ಬಿಡುತ್ತ ನಿಂತಿದ್ದಾಗ. ಅದಕ್ಕೆ ಮೊದಲು ಅವನನ್ನು ಯಾರೂ ಯಾವ ವಿಷಯದಲ್ಲೂ ಪಂಡಿತನೆಂದು ಭಾವಿಸಿರಲಿಲ್ಲ. ಲಿಫ್ಟು ಕೆಟ್ಟಿತ್ತು. ಅದು ಸರಿಯಾಗಿದ್ದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಎದುರಿನಿಂದ ಜಿವ್ಕೊ ಇಳಿದು ಬಂದ. ನಾಲ್ಕನೆಯ ಮಹಡಿಯ ಈ ಜಿವ್ಕೊ ಟೈರು ಅಂಗಡಿ ಇಟ್ಟುಕೊಂಡವನು. ಮಾತಿಗೂ ಗಾಳಿ ತುಂಬುವುದರಲ್ಲಿ ನಿಪುಣ.

"ಏನ್ ಮಿಂಚಣ್ಣ, ಈ ಸಲ ಎಲ್ಲಿಗೆ ರಜಾ? ನಾವಂತೂ ಜುಲೈಗೆ ಹೊರಟ್ವಿ. ಸಮುದ್ರದ ಎದುರಿಗೇ ಹೋಟೆಲು. ಬಾಲ್ಕನಿಯಿಂದ ಉಗುಳಿದ್ರೆ ನೀರಿಗೇ ಬೀಳ್ಬೇಕು, ಹಾಗೆ!"

ಮಿಂಚೋಗೆ ಜುಲೈನಲ್ಲಿ ರಜೆ ಸಿಗುತ್ತಿರಲಿಲ್ಲ. ಆಗಸ್ಟಿನ ಕೊನೆಗೆ ಸಿಗುತ್ತಿತ್ತು, ಸಿಕ್ಕಿದ್ದು ಪೂರ್ತಿ ಬೆಟ್ಟದ ಮೇಲಿನ ಅತ್ತೆಮನೆಯಲ್ಲಿ ಆಲೂಗಡ್ಡೆ ಅಗೆಯುವುದಕ್ಕೆ ಹೋಗುತ್ತಿತ್ತು. ಸೆಪ್ಟೆಂಬರಿನಲ್ಲಿ ಅವನೂ ಹೆಂಡತಿ ರಾಯ್ನಾಳೂ ತಾಮ್ರದ ಬಣ್ಣಕ್ಕೆ ತಿರುಗಿ ಮರಳುತ್ತಿದ್ದರು. "ಸಮುದ್ರ ಹೇಗಿತ್ತು?" ಎಂದು ನೆರೆಯವರು ಕೇಳುತ್ತಿದ್ದರು. "ಬಿಸಿಲು ಜೋರಿತ್ತು" ಎಂದು ಮಿಂಚೋ ಹೇಳುತ್ತಿದ್ದ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನು ಸಮುದ್ರದ ಕಡೆಗೆ ಹೋಗಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಏಳು ವರ್ಷದವನಿದ್ದಾಗ ಶಾಲೆಯವರು ಮಕ್ಕಳನ್ನೆಲ್ಲ ಕರಾವಳಿಯ ಶಿಬಿರಕ್ಕೆ ಕರೆದೊಯ್ದಿದ್ದರು. ಬಸ್ಸಿನಲ್ಲೇ ಮಿಂಚೋನ ಕೆನ್ನೆಗಳೆರಡೂ ಕೆಪ್ಪಟೆರಾಯನಿಂದ ಊದಿಕೊಂಡವು. ಶಿಬಿರ ಮುಗಿಯುವವರೆಗೆ ಅವನು ಆರೈಕೆ ಕೋಣೆಯಲ್ಲಿ ಮಲಗಿದ್ದ. ಆ ಕೋಣೆಯ ಕಿಟಕಿ ಅಡುಗೆಮನೆಯ ಕಡೆಗಿತ್ತು. ದಿನವಿಡೀ ಕೇಳಿಸುತ್ತಿದ್ದ ಭೋರೆಂಬ ಶಬ್ದವನ್ನು ಅವನು ಅಲೆಗಳದೆಂದುಕೊಂಡು ಪುಳಕಗೊಂಡಿದ್ದ. ಅದು ಹಂಡೆ ತೊಳೆಯುವ ಶಬ್ದವೆಂದು ಹೊರಡುವ ದಿನ ಗೊತ್ತಾಯಿತು.

ಇಂಥ ಮಿಂಚೋ ಅಂದು ಮೆಟ್ಟಿಲ ಮೇಲೆ ಚೀಲಗಳನ್ನು ಕೆಳಗಿಟ್ಟ. ಉಸಿರು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಿತ್ತು. ಆ ಮೌನ ಜಿವ್ಕೊಗೆ ಬಹಳ ಗಂಭೀರವಾಗಿ ಕಂಡಿತು.

"ಜುಲೈ," ಎಂದ ಮಿಂಚೋ. "ಜುಲೈನಲ್ಲಿ ಹೋಗೋರು ಹೋಗ್ತಾರಪ್ಪ. ಬೇಡ ಅನ್ನೋಕೆ ನಾನ್ಯಾರು?"

"ಯಾಕೆ? ಜುಲೈಗೇನಾಗಿದೆ?"

"ನೋಡು ಜಿವ್ಕೊ. ಅಷ್ಟು ದೊಡ್ಡ ಪಾತ್ರೆ. ಸೂರ್ಯ ಅದರ ಒಲೆ ಹಚ್ಚೋದು ಮೇ ತಿಂಗಳಲ್ಲಿ. ಕಾಯೋಕೆ ಹೊತ್ತು ಬೇಡ್ವಾ? ಜುಲೈನಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ. ಕಲಕದೇ ಇರೋ ಸ್ನಾನದ ನೀರು ಅದು. ಆಗಸ್ಟ್ ಕೊನೇ ವಾರಕ್ಕೆ ತಳದವರೆಗೂ ಹದವಾಗಿ ಕಾದಿರುತ್ತೆ. ಗೊತ್ತಿರೋರು ಆವಾಗ ಹೋಗ್ತಾರೆ. ಅದೂ ಯಾವುದಾದರೂ ಮೂಲೆ ನೋಡ್ಕೊಂಡು. ಮೂಲೇಲಿರೋ ನೀರು ಬಿಸಿ ಬಿಟ್ಕೊಡಲ್ಲ."

ಇದೆಲ್ಲ ಅವನಿಗೆ ಸ್ನಾನದ ಮನೆಯ ಬಾಯ್ಲರಿನ ಅನುಭವದಿಂದ ಹೊಳೆದದ್ದು. ಹೇಳಿ ಮುಗಿಸಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಜಿವ್ಕೊ ಕೈಯಲ್ಲಿದ್ದ ಕಸದ ಬುಟ್ಟಿಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟ.

"ಅಬ್ಬಾ!" ಎಂದ. "ಇಷ್ಟು ವರ್ಷ ನಾನು ಕಲಕದ ನೀರಲ್ಲಿ ಬಿದ್ದಿದ್ನಾ?"

ಮಾತು ಕಟ್ಟಡದಲ್ಲಿ ಹಬ್ಬಲು ಲಿಫ್ಟು ಬೇಕಾಗಲಿಲ್ಲ. ನೀರಿನ ಕಚೇರಿಯವನು, ನೀರಿನ ಮರ್ಮ ಬಲ್ಲವನು, ವರ್ಷ ವರ್ಷ ಆಗಸ್ಟಿನಲ್ಲೇ ಹೋಗಿ ಕಪ್ಪಾಗಿ ಬರುತ್ತಿದ್ದದ್ದು ಇದಕ್ಕೇ ಎಂದು ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಮರುದಿನವೇ ಅದೇ ಕಟ್ಟಡದ ಪೆತ್ಕಾನಾ ಅಜ್ಜಿ ಅವನ ಬಾಗಿಲು ಬಡಿದಳು. ಮನೆಯಲ್ಲೇ ಮಾಡಿದ, ಪದರು ಪದರಾದ ಚೀಸಿನ ತಿಂಡಿ ಬಾನಿತ್ಸಾ ತಟ್ಟೆಯಲ್ಲಿತ್ತು, ನೋವು ಮೊಣಕಾಲಿನಲ್ಲಿತ್ತು.

"ನಂಗೆ ಯಾವ ದಡ ಆಗಿಬರುತ್ತೆ ಹೇಳಪ್ಪ, ಮಗಾ."

ಬಾನಿತ್ಸಾ ಇನ್ನೂ ಬಿಸಿಯಾಗಿತ್ತು. ಗೊತ್ತಿಲ್ಲ ಎನ್ನಲು ಮಿಂಚೋಗೆ ಮನಸ್ಸಾಗಲಿಲ್ಲ. "ದಪ್ಪ ಮರಳು ನೋಡ್ಕೊಳ್ಳಿ ಅಜ್ಜಿ," ಎಂದ. "ಸಣ್ಣ ಮರಳು ಕೀಲಿನೊಳಗೆ ಇಳಿದುಬಿಡುತ್ತೆ."

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಅವಳ ಹಿಂದೆಯೇ ಹೊಸದಾಗಿ ಮದುವೆಯಾದ ಜೋಡಿ ಬಂತು. ಅವರಿಗೆ ಕಲ್ಲಿನ ದಡ ಒಳ್ಳೆಯದೆಂದ, ಯಾಕೆಂದರೆ ಅಲ್ಲಿ ಕೈ ಹಿಡಿದುಕೊಳ್ಳದೆ ನಡೆಯಲಾಗುವುದಿಲ್ಲ. ಗೊರಕೆ ಹೊಡೆಯುವ ಪೊಲೀಸನ ಹೆಂಡತಿಗೆ ಅಲೆ ಜೋರಾಗಿರುವ ಕಡೆ ಕೋಣೆ ಹಿಡಿಯಲು ಹೇಳಿದ. ಎಲ್ಲ ಉತ್ತರಗಳೂ ಕೇಳಿದವರಿಗೆ ಅದ್ಭುತವೆನಿಸಿದವು. ಅಡುಗೆಮನೆಯ ಬಾಗಿಲಲ್ಲಿ ನಿಂತು ರಾಯ್ನಾ ಮಾತ್ರ ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತ ಕೇಳುತ್ತಿದ್ದಳು. ಜನ ಹೋದ ಮೇಲೆ ಅವಳೆಂದಳು:

"ಮಿಂಚೋ, ನಾನಂತೂ ಹುಟ್ಟಿದಾಗಿಂದ ಸಮುದ್ರ ನೋಡಿದೋಳಲ್ಲ. ನೀನು ನೋಡಿದ್ದು ಅಡುಗೆಮನೆ. ಇದೆಲ್ಲ ಎಲ್ಲಿಂದ ಬರುತ್ತೋ ನಿಂಗೆ?"

"ಯೋಚ್ನೆ ಮಾಡಿದ್ರೆ ಬರುತ್ತೆ ಕಣೇ."

"ನಿಲ್ಲಿಸೋಕೂ ಸ್ವಲ್ಪ ಯೋಚ್ನೆ ಮಾಡು."

ಅವನು ಯೋಚನೆ ಮಾಡುವ ಮೊದಲೇ ಪುರಸಭೆಯಿಂದ ಕರೆ ಬಂತು. ಉಪಾಧ್ಯಕ್ಷೆ ದೋಚೆವಾ ಮೇಡಂ ಸಂಸ್ಕೃತಿ, ಕ್ರೀಡೆ ಮತ್ತು ಬೀದಿನಾಯಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ದೊಡ್ಡ ಧ್ವನಿಯ ಹೆಂಗಸು. ಪುರಸಭೆಯ ವಾರ್ಷಿಕ ಸಮುದ್ರ ಪ್ರವಾಸವೂ ಅವರ ಪಾಲಿಗೇ ಬಿದ್ದಿತ್ತು.

"ಕೂತ್ಕೊಳ್ಳಿ ಮಿಂಚೋ ಅವರೇ," ಎಂದರು ಅವರು, ತಾವೇ ಎದ್ದು ನಿಂತು. "ಹೋದ ವರ್ಷ ಮೇ ತಿಂಗಳಲ್ಲಿ ಕರ್ಕೊಂಡು ಹೋದ್ವಿ, ಬಸ್ಸು ಪೂರ್ತಿ ಸೀನ್ತಾ ವಾಪಸ್ ಬಂತು. ಅದರ ಹಿಂದಿನ ವರ್ಷ ಜುಲೈ. ಟವೆಲ್ ಹಾಸೋಕೆ ಜಾಗ ಇಲ್ಲ, ನಮ್ಮ ಲೈಬ್ರರಿಯವರು ಯಾರದೋ ಟವೆಲ್ ಮೇಲೆ ಮಲಗಿ ಏಟು ತಿಂದ್ರು. ಈ ಸಲ ನಾನು ಯಾರ ಮಾತೂ ಕೇಳಲ್ಲ. ನೀವು ಹೇಳಿದ ದಡ, ನೀವು ಹೇಳಿದ ವಾರ."

"ಮೇಡಂ, ನನಗೆ ಅಷ್ಟೆಲ್ಲ..."

"ನೋಡಿ, ನೋಡಿ! ಗೊತ್ತಿಲ್ಲದೋರು ಇಲ್ಲಿಗೆ ಬಂದು ಗಂಟೆಗಟ್ಲೆ ಮಾತಾಡ್ತಾರೆ. ನೀವು ಬಾಯೇ ಬಿಡಲ್ಲ."

ಗೋಡೆಯ ಮೇಲೆ ಭೂಪಟವಿತ್ತು. ದೋಚೆವಾ ಮೇಡಂ ಅವನ ಕೈಗೆ ಕೋಲು ಕೊಟ್ಟರು. ನೀಲಿ ಬಣ್ಣದ ಅಂಚಿನಲ್ಲಿ ನೂರಾರು ಹೆಸರುಗಳು ಇರುವೆಗಳ ಹಾಗೆ ಸಾಲುಗಟ್ಟಿದ್ದವು. ಅವನ ಕಣ್ಣು ತೆಂಕಣ ತುದಿಯ ಒಂದು ಸಣ್ಣ ಹೆಸರಿನ ಮೇಲೆ ನಿಂತಿತು. ತೊಪ್ಲಿಕ್. ಅಂದರೆ ಅವರ ನುಡಿಯಲ್ಲಿ ಬೆಚ್ಚನೆಯದು.

"ಇಲ್ಲಿ," ಎಂದ.

"ಕಾರಣ?"

"ಹೆಸರು ನೋಡಿ ಮೇಡಂ. ಹಿಂದಿನವರು ಏನೂ ಕಾಣದೆ ಇಡ್ತಿದ್ರಾ?"

ದೋಚೆವಾ ಮೇಡಂ ಭೂಪಟವನ್ನೂ ಅವನನ್ನೂ ಹೊಸದಾಗಿ ಕಂಡವರಂತೆ ನೋಡಿದರು. "ನಾನು ಇಪ್ಪತ್ತು ವರ್ಷದಿಂದ ಈ ಗೋಡೆಗೆ ಮುಖ ಮಾಡಿ ಕೂತಿದ್ದೀನಿ," ಎಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತನಾಡಿದ್ದನ್ನು ಕಚೇರಿಯವರು ಹಿಂದೆ ಕೇಳಿರಲಿಲ್ಲ. ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡಿದರು.

ಆಗಸ್ಟಿನ ಕೊನೆಯ ವಾರ ಒಂದು ಬಸ್ಸು ಜನ ತೊಪ್ಲಿಕ್‌ಗೆ ಹೋಗುವುದೆಂದೂ, ಮುಂದಾಳಾಗಿ ಮಿಂಚೋ ಹೋಗುವುದೆಂದೂ ತೀರ್ಮಾನವಾಯಿತು. ಜಿವ್ಕೊ ಹೋಟೆಲನ್ನು ರದ್ದು ಮಾಡಿ ಹೆಂಡತಿಯ ಬೈಗುಳ ತಿಂದು ಇದರಲ್ಲಿ ಹೆಸರು ಬರೆಸಿದ. ರಾಯ್ನಾ ತಾಯಿಗೆ ಫೋನು ಮಾಡಿ ಈ ಸಲ ಬರುವುದಿಲ್ಲವೆಂದಳು. ಆ ಕಡೆಯಿಂದ ಬಂದ ಮಾತು ಪಕ್ಕದ ಮನೆಗೂ ಕೇಳಿಸಿತಂತೆ. ಆಮೇಲೆ ಅವಳು ಅಂಗಡಿಗೆ ಹೋಗಿ ನೀಲಿ ಚುಕ್ಕಿಯ ಈಜುಡುಗೆ ತಂದಳು. ಕನ್ನಡಿಯ ಮುಂದೆ ಅದನ್ನು ಮೈಗೆ ಹಿಡಿದು ನೋಡುತ್ತಿದ್ದಾಗ ಮಿಂಚೋ ಒಳಗೆ ಬಂದ.

"ಹೇಳ್ಬಿಡ್ಲಾ ರಾಯ್ನಾ ಎಲ್ಲರಿಗೂ, ನಂಗೇನೂ ಗೊತ್ತಿಲ್ಲ ಅಂತ?"

ರಾಯ್ನಾ ಈಜುಡುಗೆಯನ್ನು ಮಡಚಿದಳು. "ವಾಪಸ್ ಬಂದ್ಮೇಲೆ ಹೇಳು," ಎಂದಳು. "ಈಗ ಹೇಳಿದ್ರೆ ಬಸ್ಸು ನಿಂತುಹೋಗುತ್ತೆ."

ಹೊರಟ ದಿನ ಬಸ್ಸಿನಲ್ಲಿ ಮಿಂಚೋಗೆ ಚಾಲಕನ ಹಿಂದಿನ ಆಸನ ಕೊಟ್ಟರು. ದಾರಿಯುದ್ದಕ್ಕೂ ಹಿಂದಿನಿಂದ ಪ್ರಶ್ನೆಗಳು ಬರುತ್ತಿದ್ದವು. ಟೊಮೆಟೊ ತಿಂದ ಮೇಲೆ ಈಜಬಹುದೇ? ಮೀನುಗಳಿಗೆ ನಾವು ಕಾಣುತ್ತೇವೆಯೇ? ಮಿಂಚೋ ಎಲ್ಲದಕ್ಕೂ "ಗಾಳಿ ಇದ್ದ ಹಾಗೆ, ಅದು ಗಾಳಿ ಮೇಲೆ ಹೋಗುತ್ತೆ" ಎಂದು ಉತ್ತರ ಕೊಟ್ಟ. ಒಂದು ಗುಡ್ಡ ಹತ್ತಿ ಬಸ್ಸು ತಿರುವು ತೆಗೆದುಕೊಂಡಾಗ ಮುಂದಿನ ಗಾಜಿನ ತುಂಬ ಏನೋ ನೀಲಿ ಬಂತು. ಆಕಾಶ ಇಷ್ಟು ಕೆಳಗೆ ಯಾಕೆ ಇಳಿದಿದೆ ಎಂದುಕೊಂಡ ಮಿಂಚೋ. ಆಮೇಲೆ ಆ ಆಕಾಶದ ಮೇಲೆ ಒಂದು ದೋಣಿ ಕಂಡಿತು.

ಅವನ ಬಾಯಿ ತಾನಾಗಿ ತೆರೆದುಕೊಳ್ಳತೊಡಗಿತು. ಅಷ್ಟರಲ್ಲಿ ಕನ್ನಡಿಯೊಳಗೆ ಬಸ್ಸಿನ ಮುಖಗಳೆಲ್ಲ ತನ್ನನ್ನೇ ನೋಡುತ್ತಿರುವುದು ಕಂಡು ಹಲ್ಲು ಕಚ್ಚಿ ಬಾಯಿ ಮುಚ್ಚಿದ. ವರ್ಷ ವರ್ಷ ನೋಡಿದವನು ಬಾಯಿ ಬಿಡುವಂತಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು, ಪೆತ್ಕಾನಾ ಅಜ್ಜಿ ಕೂತಲ್ಲೇ ಚಪ್ಪಾಳೆ ತಟ್ಟಿದಳು. ಆ ಬಸ್ಸಿನಲ್ಲಿ ಸಮುದ್ರವನ್ನು ಹಳೆಯ ಪರಿಚಯದವರನ್ನು ಕಂಡಂತೆ ಸಣ್ಣಗೆ ತಲೆಯಾಡಿಸಿ ನೋಡಬೇಕಾಗಿ ಬಂದವನು ಮೊದಲ ಸಲ ನೋಡುತ್ತಿದ್ದ ಮಿಂಚೋ ಒಬ್ಬನೇ. ಪಕ್ಕದಲ್ಲಿದ್ದ ರಾಯ್ನಾ ಅವನ ಮೊಣಕೈ ಹಿಡಿದುಕೊಂಡಳು. ಅವಳ ಉಗುರು ಅಂಗಿಯ ಮೇಲಿಂದಲೂ ನಾಟುತ್ತಿತ್ತು.

ತೊಪ್ಲಿಕ್ ನಾಲ್ಕು ಮನೆಗಳ ಊರು. ಕೊಲ್ಲಿ ಅರ್ಧಚಂದ್ರದ ಹಾಗಿತ್ತು, ಮರಳು ದಪ್ಪವಾಗಿತ್ತು, ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದೋಚೆವಾ ಮೇಡಂ ಟವೆಲನ್ನು ಹಾಸಿ, ಇನ್ನೊಂದು ಕಡೆ ಹಾಸಿ, ಮತ್ತೊಂದು ಕಡೆ ಹಾಸಿ, ಎಲ್ಲಿ ಹಾಸಿದರೂ ಯಾರೂ ಬೈಯದಿರುವುದನ್ನು ಕಂಡು ಕಣ್ಣೀರು ತಂದುಕೊಂಡರು. ಬೆನ್ನಿಗೆ ಬೆಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. ಬಿಸಿಲು ಚುರುಚುರು ಎನ್ನುತ್ತಿತ್ತು.

"ಮೊದಲು ಮಿಂಚಣ್ಣ ಇಳೀಬೇಕು!" ಎಂದು ಜಿವ್ಕೊ ಕೂಗಿದ.

"ನೀವೇ ಇಳೀರಿ. ನಾನು ನೋಡಿರೋದೇ ಅಲ್ವಾ."

ಜಿವ್ಕೊ ಹೊಟ್ಟೆಯನ್ನು ಒಳಗೆಳೆದುಕೊಂಡು ಓಡಿದ. ಅವನ ಹಿಂದೆ ಪೊಲೀಸ, ಮದುವೆಯಾದ ಜೋಡಿ, ಲೈಬ್ರರಿಯವರು, ಕೊನೆಗೆ ದೋಚೆವಾ ಮೇಡಂ. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದರು. ಒಂದು ಗಳಿಗೆ ಯಾವ ಶಬ್ದವೂ ಇಲ್ಲ. ಆಮೇಲೆ ಎದ್ದ ಕೂಗಿಗೆ ಊರಿನ ನಾಯಿಗಳೆಲ್ಲ ದಡಕ್ಕೆ ಓಡಿ ಬಂದವು.

"ಸತ್ತೆ! ಸತ್ತೆ! ಕಾಲಿದೆಯಾ ನಂಗೆ? ಯಾರಾದ್ರೂ ನೋಡ್ರಪ್ಪಾ!"

"ಇದು ನೀರಲ್ಲ ಕಣ್ರೀ, ಗಾಜು!"

ಪೊಲೀಸ ನೀಲಿಗಟ್ಟಿದ ತುಟಿಯಿಂದ ಯಾರನ್ನೋ ಬಂಧಿಸಬೇಕೆಂದು ಸುತ್ತ ನೋಡಿದ. ಜನ ನೀರಿಗೆ ಹೋದದ್ದಕ್ಕಿಂತ ವೇಗವಾಗಿ ಹೊರಗೆ ಬಂದು ಬಿಸಿ ಮರಳಿನಲ್ಲಿ ಬಿದ್ದು ಹೊರಳಿದರು. ಅಷ್ಟರಲ್ಲಿ ಅವರಿಗಾಗಿ ಹಿಡಿದಿದ್ದ ಕೋಣೆಗಳ ಒಡತಿ ಕೆರಾ, ಸೊಂಟಕ್ಕೆ ಕೈಯಿಟ್ಟುಕೊಂಡು ಇಳಿದು ಬಂದಳು.

"ಅಯ್ಯೋ, ಇವತ್ತು ಇಳಿದ್ರಾ?" ಎಂದಳು. "ನೆಲದ ಕಡೆಯಿಂದ ಗಾಳಿ ಬೀಸಿದ್ರೆ ಹೀಗೇ. ಮೇಲಿನ ಬಿಸಿ ನೀರನ್ನೆಲ್ಲ ಹೊತ್ಕೊಂಡು ಹೋಗುತ್ತೆ, ತಳದ್ದು ಮೇಲೆ ಬರುತ್ತೆ. ಮೊನ್ನೆ ತನಕ ಸಾರಿನ ಹಾಗಿತ್ತು."

"ಆದ್ರೆ ಹೆಸರು!" ಎಂದರು ದೋಚೆವಾ ಮೇಡಂ, ಹಲ್ಲು ಕಟಕಟಿಸುತ್ತ. "ತೊಪ್ಲಿಕ್!"

"ಓ, ಅದಾ? ಗುಡ್ಡದ ಹಿಂದೆ ಬಿಸಿನೀರಿನ ಬುಗ್ಗೆ ಇತ್ತಂತೆ. ನಮ್ಮಜ್ಜನ ಕಾಲಕ್ಕೇ ಬತ್ತೋಯ್ತು."

ಎಲ್ಲರೂ ನಿಧಾನವಾಗಿ ಮಿಂಚೋನ ಕಡೆಗೆ ತಿರುಗಿದರು. ಅವನು ಇನ್ನೂ ಪ್ಯಾಂಟು, ಅಂಗಿ, ಸಾಕ್ಸಿನಲ್ಲೇ ನಿಂತಿದ್ದ. ಜಿವ್ಕೊ ಟವೆಲು ಸುತ್ತಿಕೊಂಡು ಎದುರಿಗೆ ಬಂದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಿಂಚಣ್ಣ. ಹದವಾಗಿ ಕಾದಿದೆ ಅಂದೆ."

"ಅಂದೆ."

"ತಳದವರೆಗೂ ಅಂದೆ."

"ಅಂದೆ."

"ನಾನು ಹೋಟೆಲ್ ಬಿಟ್ಟು ಬಂದಿದ್ದೀನಿ. ನನ್ನ ಹೆಂಡ್ತಿ ಹತ್ರ ನಾನೀಗ ಏನ್ ಹೇಳ್ಲಿ? ನಿಜ ಹೇಳು, ನೀನು ಎಷ್ಟು ಸಲ ಬಂದಿದ್ದೀಯ ಸಮುದ್ರಕ್ಕೆ?"

ಮಿಂಚೋ ರಾಯ್ನಾಳ ಕಡೆ ನೋಡಿದ. ಅವಳು ಇವರ ಕಡೆಗೆ ಬೆನ್ನು ಹಾಕಿ ನೀರಿನ ಅಂಚಿನಲ್ಲಿ ನಿಂತಿದ್ದಳು. ಬಸ್ಸಿಳಿದಾಗಿನಿಂದ ಅಲ್ಲೇ ಇದ್ದಳು. ಒಂದು ಅಲೆ ಬಂದು ಪಾದ ಮುಟ್ಟಿ ಹೋದರೆ, ಇನ್ನೊಂದು ಬರುವವರೆಗೆ ಅಲುಗಾಡದೆ ಕಾಯುತ್ತಿದ್ದಳು.

ಮಿಂಚೋಗೆ ಇನ್ನು ಸಾಕೆನಿಸಿತು. ಬೆಳಗಿನಿಂದ ಬಿಗಿಹಿಡಿದಿದ್ದ ದವಡೆ ನೋಯುತ್ತಿತ್ತು. ಅವನು ಎದೆಯುಬ್ಬಿಸಿ ಜೋರಾಗಿ ಹೇಳಿದ:

"ಇವತ್ತೇ ಮೊದಲು! ಇದಕ್ಕೆ ಮುಂಚೆ ನಾನು ಸಮುದ್ರ ಅನ್ನೋದನ್ನ ಕಣ್ಣಲ್ಲಿ ಕಂಡೋನೇ ಅಲ್ಲ! ಆಲೂಗಡ್ಡೆ ಅಗೆದು ಕಪ್ಪಾಗಿದ್ದು! ಹೊಡೀತೀರಾ? ಹೊಡೀರಿ!"

ಯಾರೂ ಹೊಡೆಯಲಿಲ್ಲ. ಜಿವ್ಕೊನ ಕಣ್ಣು ಮಿಂಚೋನ ತಲೆಯ ಮೇಲಿಂದ ಎಲ್ಲೋ ಹೋಗಿತ್ತು. ಅವನ ಟವೆಲು ಜಾರಿ ಬಿತ್ತು, ಅವನಿಗೆ ಗೊತ್ತಾಗಲಿಲ್ಲ. ಮರಳಿನ ಮೇಲೆ ಒಂದು ನೆರಳು ಸರಿದು ಹೋಯಿತು. ಇನ್ನೊಂದು. ಆಮೇಲೆ ದಡವೆಲ್ಲ ನೆರಳುಗಳೇ ಆಗಿ ಹರಿಯತೊಡಗಿತು. ಮಿಂಚೋ ತಲೆಯೆತ್ತಿದ.

ಬಡಗಣದ ಗುಡ್ಡದ ಮೇಲಿಂದ ಕೊಕ್ಕರೆಗಳು ಬರುತ್ತಿದ್ದವು. ಹತ್ತಲ್ಲ, ನೂರಲ್ಲ. ಗ್ರಾಬೊವೊದಲ್ಲಿ ಚಳಿ ಕಳೆಯುವ ಹೊತ್ತಿಗೆ ಒಂದು ಕೊಕ್ಕರೆ ಕಂಡರೆ ಸಾಕು, ಜನ ಮಣಿಕಟ್ಟಿನ ಕೆಂಪು-ಬಿಳಿ ದಾರವನ್ನು ಬಿಚ್ಚಿ ಹೂಬಿಟ್ಟ ಕೊಂಬೆಗೆ ಕಟ್ಟಿ ವರ್ಷವಿಡೀ ಒಳ್ಳೆಯದಾಗಲೆಂದು ಬೇಡಿಕೊಳ್ಳುತ್ತಾರೆ. ಇಲ್ಲಿ ಆಕಾಶಕ್ಕೆ ಜಾಗ ಸಾಲುತ್ತಿರಲಿಲ್ಲ. ಕಪ್ಪಂಚಿನ ಬಿಳಿ ರೆಕ್ಕೆಗಳನ್ನು ಒಮ್ಮೆಯೂ ಬಡಿಯದೆ ಅವು ಕೊಲ್ಲಿಯ ಮೇಲೆ ಸುತ್ತು ಹಾಕಿದವು, ಸುತ್ತುತ್ತ ಸುತ್ತುತ್ತ ಮೇಲೇರಿದವು, ಒಂದರ ಮೇಲೊಂದು, ಕಂಬದ ಹಾಗೆ. ತುದಿಯಲ್ಲಿದ್ದವು ಚುಕ್ಕಿಯಾಗಿ, ಚುಕ್ಕಿಯೂ ಕರಗಿ, ಅಲ್ಲಿಂದ ಸಾಲು ಬಿಚ್ಚಿ ತೆಂಕಣಕ್ಕೆ ಜಾರಿಹೋಗುತ್ತಿದ್ದವು. ಕೆಳಗೆ ಹೊಸವು ಬಂದು ಸೇರುತ್ತಲೇ ಇದ್ದವು. ಸದ್ದೆಂದರೆ ಗಾಳಿ ಗರಿಗಳನ್ನು ಹಾಯುವ ಸುಯ್ಯೆಂಬ ಸದ್ದು ಮಾತ್ರ. ನಾಯಿಗಳು ಕೂಡ ಕೂತುಬಿಟ್ಟಿದ್ದವು.

ಮಿಂಚೋನ ಬಾಯಿ ತೆರೆದುಕೊಂಡಿತು. ಈ ಸಲ ಅವನು ಮುಚ್ಚಲಿಲ್ಲ. ಸುತ್ತ ಇದ್ದವರ ಬಾಯೂ ತೆರೆದೇ ಇದ್ದದ್ದರಿಂದ ಅದರಲ್ಲಿ ಅವಮಾನವೇನೂ ಇರಲಿಲ್ಲ. ಅವನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು, ತಲೆ ಅಷ್ಟು ಹಿಂದಕ್ಕೆ ಬಾಗಿತ್ತು.

ಕೊನೆಯ ಹಕ್ಕಿ ತೆಂಕಣದಲ್ಲಿ ಮರೆಯಾಗುವ ಹೊತ್ತಿಗೆ ಎಲ್ಲರ ಕತ್ತೂ ಹಿಡಿದುಕೊಂಡಿತ್ತು. ಕೆರಾ ಮೊದಲು ಮಾತನಾಡಿದಳು. "ಆಗಸ್ಟ್ ಕೊನೆಗೆ ಹೋಗ್ತಾವೆ ಇವು. ಸಾಮಾನ್ಯವಾಗಿ ಒಳನಾಡಿನ ಮೇಲೇ ಹೋಗ್ತಾವೆ. ಈ ಗಾಳಿ ಇದ್ರೆ ಮಾತ್ರ ದಡಕ್ಕೆ ಬರೋದು. ನಾನೇ ಇಷ್ಟೊಂದು ಕಂಡಿಲ್ಲ."

ದೋಚೆವಾ ಮೇಡಂ ನಿಧಾನವಾಗಿ ಮಿಂಚೋನ ಬಳಿಗೆ ಬಂದರು. "ಆಗಸ್ಟ್ ಕೊನೇ ವಾರ," ಎಂದರು. "ಗಾಳಿ ಮೇಲೆ ಹೋಗುತ್ತೆ ಅಂತ ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ರಿ! ನಾವು ಮಂದಬುದ್ಧಿಗಳು, ಮೈ ಬೆಚ್ಚಗಾಗೋದನ್ನೇ ಯೋಚ್ನೆ ಮಾಡ್ತಿದ್ವಿ."

"ಇಲ್ಲ ಮೇಡಂ! ನಂಗೆ ಗೊತ್ತೇ ಇರ್ಲಿಲ್ಲ! ಈಗ ತಾನೇ ಹೇಳಿದ್ನಲ್ಲ, ಕೇಳಿಸ್ಲಿಲ್ವಾ? ನಾನು ಸಮುದ್ರ ನೋಡ್ತಿರೋದೇ ಇವತ್ತು!"

"ಕೇಳಿದ್ರಾ?" ಎಂದ ಜಿವ್ಕೊ ಎಲ್ಲರಿಗೂ. "ಪ್ರತಿ ಸಲವೂ ಮೊದಲ ಸಲ ನೋಡಿದ ಹಾಗೇ ನೋಡ್ತಾನಂತೆ. ನಾನು ಎಷ್ಟೋ ಸಲ ಬಂದಿದ್ದೀನಿ, ಏನ್ ನೋಡ್ದೆ? ಬಾಲ್ಕನಿಯಿಂದ ಉಗುಳ್ದೆ!"

"ಅಯ್ಯೋ ಮಾರಾಯಾ, ಹಾಗಲ್ಲ! ಆಲೂಗಡ್ಡೆ..."

"ದೊಡ್ಡೋರು ಹೀಗೇ," ಎಂದಳು ಪೆತ್ಕಾನಾ ಅಜ್ಜಿ, ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು. "ಆಲೂಗಡ್ಡೆ ಮಾತಾಡಿ ನಮ್ಮಂಥೋರ ಜತೆ ಬೆರೀತಾರೆ."

ಮಿಂಚೋ ಕೈ ಬಿಡಿಸಿಕೊಂಡು ಸುತ್ತ ನೋಡಿದ. ಅವನ ಮಾತನ್ನು ನಂಬುವ ಒಂದೇ ಒಂದು ಮುಖವೂ ಆ ದಡದಲ್ಲಿರಲಿಲ್ಲ. ನಂಬುವವಳು ಒಬ್ಬಳಿದ್ದಳು, ಅವಳು ದಡದಲ್ಲಿರಲಿಲ್ಲ.

"ರಾಯ್ನಾ!" ಎಂದು ಅವನು ಕೂಗಿದ.

ಎಲ್ಲರೂ ಆಕಾಶ ನೋಡುತ್ತಿದ್ದಾಗ ರಾಯ್ನಾ ನೀರಿಗೆ ಇಳಿದಿದ್ದಳು. ಈಜುಡುಗೆಯ ನೀಲಿ ಚುಕ್ಕಿಗಳು ಕಾಣುತ್ತಿರಲಿಲ್ಲ, ಕುತ್ತಿಗೆಯವರೆಗೆ ನೀರಿತ್ತು. ಅವಳಿಗೆ ಈಜು ಬಾರದು. ಎರಡೂ ಕೈಗಳನ್ನು ಅಗಲಿಸಿ, ಅಲೆ ಬಂದಾಗ ಮೆಲ್ಲಗೆ ಏಳುತ್ತ, ಹೋದಾಗ ಇಳಿಯುತ್ತ ನಿಂತಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅಂಥ ನಗುವನ್ನು ಮಿಂಚೋ ಮದುವೆಯ ದಿನವೂ ಅವಳ ಮುಖದ ಮೇಲೆ ಕಂಡಿರಲಿಲ್ಲ.

"ಬಾರೋ ಮಿಂಚೋ!" ಎಂದು ಕೂಗಿದಳು. "ಬೆಚ್ಚಗಿದೆ!"

ಮಿಂಚೋ ಅಂಗಿಯನ್ನಾಗಲಿ ಸಾಕ್ಸನ್ನಾಗಲಿ ಬಿಚ್ಚುವ ಗೋಜಿಗೆ ಹೋಗಲಿಲ್ಲ. ಓಡಿದ. ನೀರು ಮೊಣಕಾಲನ್ನು ಗರಗಸದ ಹಾಗೆ ಕೊಯ್ಯಿತು, ಹೊಟ್ಟೆಗೆ ಬಂದಾಗ ಕಣ್ಣು ಕತ್ತಲಿಟ್ಟಿತು, ಎದೆಗೆ ಬಂದಾಗ ತನ್ನ ಹೆಸರೂ ಮರೆತುಹೋಯಿತು. ಕೈಕಾಲು ಬಡಿಯುತ್ತ ಹೋಗಿ ಅವಳ ಕೈ ಹಿಡಿದುಕೊಂಡ. ಅವಳ ಬೆರಳುಗಳು ಮಂಜಿನ ಕಡ್ಡಿಗಳಾಗಿದ್ದವು, ಹಲ್ಲುಗಳು ಟೈಪ್‌ರೈಟರಿನ ಹಾಗೆ ಬಡಿದುಕೊಳ್ಳುತ್ತಿದ್ದವು.

"ಬೆಚ್ಚಗಿದೆ, ಅಲ್ವಾ?" ಎಂದಳು.

ಮಿಂಚೋ ಸುತ್ತ ನೋಡಿದ. ಎದುರಿಗೆ ತುದಿಯೇ ಇಲ್ಲದ ನೀಲಿ. ಒಂದು ಅಲೆ ಬಂದು ಇಬ್ಬರನ್ನೂ ಒಟ್ಟಿಗೆ ಎತ್ತಿ, ಮತ್ತೆ ಹುಷಾರಾಗಿ ನೆಲದ ಮೇಲಿಟ್ಟಿತು.

"ಬೆಚ್ಚಗಿದೆ," ಎಂದ ಅವನು. ಆಮೇಲೆ ದಡದ ಕಡೆ ತಿರುಗಿ, ಶಕ್ತಿಯಿದ್ದಷ್ಟೂ ಜೋರಾಗಿ ಕೂಗಿದ, "ಬೆಚ್ಚಗಿದೆ ಕಣ್ರೋ!"

ದಡದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಜಿವ್ಕೊ ಮತ್ತೆ ಸುತ್ತಿಕೊಂಡಿದ್ದ ಟವೆಲನ್ನು ಬಿಸಾಡಿದ. ಆಮೇಲೆ ಪೊಲೀಸ. ದೋಚೆವಾ ಮೇಡಂ ಪೆತ್ಕಾನಾ ಅಜ್ಜಿಯ ತೋಳು ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಬಂದರು. ಇಡೀ ಬಸ್ಸು ಕುತ್ತಿಗೆಯವರೆಗೆ ನೀರಿಗೆ ಇಳಿದು, ನೀಲಿಗಟ್ಟಿದ ತುಟಿಗಳಿಂದ, ನಿಜಕ್ಕೂ ಬೆಚ್ಚಗಿದೆಯೆಂದು ಒಬ್ಬರಿಗೊಬ್ಬರು ಹೇಳಿಕೊಂಡಿತು.